ಕಾಕಿ ಬಣ್ಣ ಹಚ್ಚಿದ ವರ್ಷ

ಕಳೆದ ಮಂಗಳವಾರ ಬೆಳಿಗ್ಗೆ ಗಜೇಂದ್ರಗಡದಲ್ಲಿ ನಮ್ಮ ಬಾಜೂಮನೆಯ ಕಾಕಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಕೋಣೆಯಲ್ಲಿ ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಇನ್ನೂ ಇತ್ತು. ನಾನು ಸಾಲೆಗೆ ಹೋಗುತ್ತಿದ್ದ ಕಾಲ ನೆನಪಾಯಿತು...

ಕಾಕಿ ನಮ್ಮ ಸಂಬಂಧಿಕರಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೈದುನನ ಮನೆಯಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿಯುವ ಕುಣಿಮಗ್ಗಕ್ಕೆ ಕುಳಿತು ಸೀರೆ ನೇಯುತ್ತಿದ್ದರು. ಓಣಿಯ ಗಂಡಸರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಹೆಣ್ಣುಪಾತ್ರಕ್ಕೆ ಗದಗದಿಂದ ನಟಿಯರನ್ನು ಕರೆಸುವುದು ರೂಢಿ. ಆ ವರ್ಷ ಆರಿಸಿದ್ದು ಹಳೆಯದೊಂದು ಪೌರಾಣಿಕ ನಾಟಕ. ತುಂಬಿದ ಸಭೆಯಲ್ಲಿ ರಾಜನ ಹಾರವನ್ನು ಬೇಡವೆನ್ನುವ ರಾಜಕುಮಾರಿ ಅದರ ನಾಯಕಿ. ಕಾಕಿ ತಾಲೀಮಿನ ಜಾಗಕ್ಕೆ ಹೋಗಿ, ಆ ಪಾತ್ರ ತಾವೇ ಮಾಡುವುದಾಗಿ ಹೇಳಿದರು. ನಾಟಕದ ಮಾಸ್ತರರು ಒಂದೆರಡು ಮಾತು ಆಡಿಸಿ ನೋಡಿ ಒಪ್ಪಿದರು.

ವಿಧವೆ ಕುಂಕುಮವಿಟ್ಟು ಜನರೆದುರು ನಿಲ್ಲುವುದು ಮೈದುನನಿಗೆ ಸಹಿಸಲಾಗಲಿಲ್ಲ.

"ವೈನಿ, ಬಣ್ಣಾ ಹಚ್ಚಿದ್ರಿ ಅಂದ್ರ ಈ ಮನಿ ಹೊಸ್ತಿಲಾ ಮರತಬಿಡ್ರಿ."

"ಮಗ್ಗಾ ನಮ್ಮಪ್ಪ ಕೊಟ್ಟದ್ದೈತಿ. ಅದನ್ನ ಹೊರಗ ತರಾಕ ಒಮ್ಮಿ ದಾಟಬೇಕಲ್ಲಪಾ, ಆಮ್ಯಾಲ ಮರೀತೇನಿ."

ನಾಟಕದ ದಿನ ನಾನು ಮುಂದಿನ ಸಾಲಿನಲ್ಲಿದ್ದೆ. ಕಾಕಿ ಮಗ್ಗದಲ್ಲಿ ಕುಳಿತೇ ಮಾತುಗಳನ್ನು ಬಾಯಿಪಾಠ ಮಾಡಿದ್ದರು. ಹಾಗಾಗಿ ಪ್ರತಿ ಮಾತಿನ ಕೊನೆಗೆ ಮಗ್ಗ ತುಳಿಯುವಂತೆ ಅವರ ಬಲಗಾಲು ತಾನಾಗಿ ಒತ್ತುತ್ತಿತ್ತು. ಮೊದಲು ನಕ್ಕವರು ನೇಕಾರರು. ಅದೇನೆಂದು ಅವರಿಗೆ ಗೊತ್ತಿತ್ತು. ಹಿಂದಿನಿಂದ ಒಬ್ಬ ಕೂಗಿದ: "ಏನವಾ, ಸೀರಿ ನೇಯಾಕತ್ತೀಯೇನು?"

ಕಾಕಿ ಏನೆಂದರು ಎಂಬುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಾನು ಕೇಳಿದ್ದು ಇಷ್ಟು: "ಹೌದಪಾ. ಸೆರಗ ಇನ್ನೂ ಬಾಕಿ ಐತಿ. ಮುಗಿಯೂತನಾ ಸುಮ್ನ ಕುಂದ್ರು."

ಆತ ಕುಳಿತ. ರಾಜನ ಹಾರ ಬೇಡವೆನ್ನುವ ಮಾತು ಬಂದಾಗ ಅವರ ಕಾಲು ಅಲುಗಾಡಲಿಲ್ಲ.

ಮರುದಿನ ಕಾಕಿ ಮಗ್ಗ ಬಿಚ್ಚಿಸಿ ಬಾಡಿಗೆ ಕೋಣೆಯೊಂದಕ್ಕೆ ಸಾಗಿಸಿದರು. ನೆಲ ಅಗೆದು ಹೊಸ ಕುಣಿ ತೋಡಿಸಿದರು. ಆಮೇಲೆ ರೋಣ, ನರಗುಂದ, ಅಬ್ಬಿಗೇರಿಗಳಲ್ಲೂ ಪಾತ್ರ ಮಾಡಿದರು. ಓಣಿಯ ಹುಡುಗಿಯರು ಕೆಲವರು ಅವರ ಬಳಿ ಮಾತು ಕಲಿತು ವೇದಿಕೆ ಹತ್ತಿದರು. ಕಾಕಿ ಎದುರಾದರೆ ಮೈದುನ ಓಣಿ ಬದಲಿಸುತ್ತಿದ್ದ...

ಈಗ ಆ ಕೋಣೆ ಖಾಲಿಯಾಗಿದೆ. ಮಂಗಳವಾರ ಮೈದುನನ ಮನೆಯಿಂದ ಯಾರೂ ಬರಲಿಲ್ಲ. ಕಾಕಿಗೆ ಹೆಗಲು ಕೊಟ್ಟವರು ನಾಟಕದವರು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು.