ಸರಿಯಾದ ಸೈರನ್

ರಾವೂರ ಹತ್ತಿರದ ಒಂದು ಕಲ್ಲಿನ ಕ್ರಷರ್. ಧೂಳು ಮಿತಿ ಮೀರಿದರೆ ಕೂಗಬೇಕಾದ ಸೈರನ್ ಕೂಗುತ್ತಿರಲಿಲ್ಲ. ಸರ್ಕಾರದ ತಪಾಸಣೆ ಬರುತ್ತದೆಂದು, ಅದನ್ನು ನಡೆಸುವ ಸಿ ಭಾಷೆಯ ಕಂಪ್ಯೂಟರ್ ಪ್ರೋಗ್ರಾಂ ನೋಡಲು ನನ್ನನ್ನು ಕರೆಸಿದ್ದರು. ಪ್ರೋಗ್ರಾಂನ ಸೆಟ್ಟಿಂಗ್ ಬರೆದಿಡುವ ಹೆಡರ್ ಫೈಲಿನಲ್ಲಿ, ಸ್ವಿಚ್ಚಿನಂತೆ ಕೆಲಸ ಮಾಡುವ ಸೈರನ್ನಿನ ಮ್ಯಾಕ್ರೋ '1' ಅಂತಲೇ ಇತ್ತು, ಅಂದರೆ ಚಾಲೂ. ತಲೆ ಕೆಡಿಸಿಕೊಂಡು ಹುಡುಕಿದ ಮೇಲೆ ಗೊತ್ತಾಯಿತು: ಹಳೇ ಫೋಲ್ಡರಿನಲ್ಲಿ ಅದೇ ಹೆಸರಿನ ಇನ್ನೊಂದು ಹೆಡರ್ ಇತ್ತು, ಅದರಲ್ಲಿ ಮ್ಯಾಕ್ರೋ ಸೊನ್ನೆ, ಅಂದರೆ ಬಂದ್. ಪ್ರೋಗ್ರಾಂ ಅನ್ನು ಮಷಿನ್ನಿಗೆ ತಿಳಿಯುವಂತೆ ಮಾಡುವ ಕಂಪೈಲರ್ ಓದುತ್ತಿದ್ದದ್ದು ಅದನ್ನೇ. ಸರಿಪಡಿಸಿ ಹಾಕಿದೆ. ಸೈರನ್ ಕೂಗತೊಡಗಿತು, ನಿಲ್ಲಲೇ ಇಲ್ಲ.

ಮಷಿನ್ ನಡೆಸುವ ಮಹಬೂಬ್ ಚಾಚಾ ಮೂಗಿಗೆ ಕಟ್ಟಿದ್ದ ಟವೆಲ್ ಇಳಿಸಿ, "ಇನ್ನಾ ಖರಾಬೇ ಅದೇನ್ರಿ?" ಎಂದರು.

"ಇಲ್ಲ ಚಾಚಾ, ಈಗ ಬರೋಬ್ಬರಿ ಅದ. ಧೂಳೇ ಅಷ್ಟದ."

ಅವರು ಕೆಮ್ಮಿ ಸುಧಾರಿಸಿಕೊಂಡರು. "ಹಂಗಾದ್ರ ಇಷ್ಟ ವರ್ಷ ಇದನ್ನೇ ನುಂಗೀವಿ ಅಂದಂಗಾಯ್ತು."

ಅಷ್ಟರಲ್ಲಿ ಮ್ಯಾನೇಜರ್ ಬಂದ. "ತಪಾಸಣಿಯವರು ಬಂದಾಗ ಒಂದ್ಸಲ ಕೂಗಿದ್ರ ಸಾಕ್ರಿ. ಉಳಿದ ದಿನ ಹಳೇ ಫೈಲೇ ಇರ್ಲಿ."

ಆಗೋದಿಲ್ಲ ಎಂದು ಲ್ಯಾಪ್‌ಟಾಪ್ ಮುಚ್ಚಿ ಹೊರಟೆ. ಚಾಚಾ ಟವೆಲ್ ಮತ್ತೆ ಕಟ್ಟಿಕೊಂಡರು.

ನಾನು ರಸ್ತೆ ಮುಟ್ಟುವ ಮೊದಲೇ ಸೈರನ್ ನಿಂತಿತು. ಕ್ರಷರ್ ನಿಂತಿರಲಿಲ್ಲ. ವೈರ್ ಕೀಳುವುದಕ್ಕೆ ಸಿ ಕಲಿತಿರಬೇಕಾಗಿಲ್ಲ ನೋಡಿ.