ತಂಗಿಯ ಎಡಭುಜ

ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳಲು ತಂಗಿಗೆ ಹೊಸ ಕಾರಣವೇನೂ ಬೇಕಿರಲಿಲ್ಲ. ಹಳೆಯವೇ ಧಾರಾಳವಾಗಿದ್ದವು. ಆದರೂ ಅಕ್ಕ ಟಿವಿಯಲ್ಲಿ ಬರತೊಡಗಿದ ಮೇಲೆ ಅವಳ ಸಿಟ್ಟಿಗೆ ಒಂದು ನಿಗದಿತ ವೇಳೆ ಸಿಕ್ಕಿತು. ಪ್ರತಿ ಶನಿವಾರ ಸಂಜೆ, ಜಾಹೀರಾತುಗಳೂ ಸೇರಿ ಒಂದು ಗಂಟೆ.

ಅಕ್ಕ ಬಟ್ಟೆ ಡಿಸೈನರ್. ಹಾಗೆಂದು ಬೋರ್ಡು ಬರೆಸುವುದಕ್ಕೆ ಎಷ್ಟೋ ಮೊದಲು, ಇನ್ನೂ ಶಾಲೆಯಲ್ಲಿದ್ದಾಗಲೇ, ಅಮ್ಮ ಊರಿಗೆ ಹೋಗಿದ್ದ ಸಮಯ ನೋಡಿ ಕಿಟಕಿಯ ಪರದೆ ಬಿಚ್ಚಿ ಗೌನು ಹೊಲಿದವಳು. ಗೌನು ಹೊಲಿಯಲು ಒಂದು ಮೈ ಬೇಕಲ್ಲ, ತಂಗಿ ಕೈಗೆ ಸಿಕ್ಕಳು. ಅಂದು ಸ್ಟೂಲು ಹತ್ತಿದವಳು ಇಂದಿಗೂ ಪೂರ್ತಿ ಇಳಿದಿಲ್ಲ. "ನೆಟ್ಟಗೆ ನಿಲ್ಲು. ಹೊಟ್ಟೆ ಎಳ್ಕೋ. ಅಲುಗಾಡಬೇಡ ಅಂದ್ನಲ್ಲ!" ಎಂಬ ಮೂರು ಮಾತುಗಳನ್ನು ಕೇಳಿಕೊಂಡೇ ಅವಳು ಕಾಲೇಜು ಮುಗಿಸಿದಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲಿ ಹಿರಿಯಳೂ ಆದಳು. ಜ್ವರ ಬಂದಿದ್ದಾಗಲೂ ಅಕ್ಕ ಬಿಟ್ಟಿರಲಿಲ್ಲ. "ಮಲಗೋಕೆ ಮುಂಚೆ ಐದೇ ನಿಮಿಷ ನಿಂತ್ಕೊಳ್ಳೇ, ತೋಳು ಒಂದು ಕೂರಿಸಿಬಿಡ್ತೀನಿ" ಎಂದು ಗೋಗರೆಯುವಳು. ಆ ಐದು ನಿಮಿಷಕ್ಕೆ ಕೊನೆ ಎಂಬುದಿರಲಿಲ್ಲ.

ಪಕ್ಕದ ಮನೆಯ ಹುಡುಗಿಯ ಫ್ರಾಕಿನಿಂದ ಶುರುವಾದದ್ದು ನಾಟಕದವರ ಉಡುಪಿಗೆ, ಹೋಟೆಲಿನ ಸ್ವಾಗತಕಾರಿಣಿಯರ ಜಾಕೆಟ್ಟಿಗೆ, ಕೊನೆಗೆ ಮದುಮಗಳ ಗೌನಿನವರೆಗೆ ಬೆಳೆಯಿತು. ಮನೆಯ ಮುಂದಿನ ಕೋಣೆ 'ಸ್ಟುಡಿಯೋ' ಆಯಿತು. ಸೋಫಾ ಅಡುಗೆಮನೆಯ ಗೋಡೆಗೆ ಒತ್ತಿಕೊಂಡಿತು. ಅಮ್ಮ ಫ್ರಿಜ್ಜಿನ ಬಾಗಿಲು ತೆರೆಯಬೇಕಾದರೆ ಸೋಫಾದಲ್ಲಿದ್ದವರು ಕಾಲು ಮೇಲೆತ್ತಬೇಕು. ಇಷ್ಟೆಲ್ಲ ಬಟ್ಟೆಗಳು ತಂಗಿಯ ಮೈಮೇಲೆ ಹುಟ್ಟಿದವು, ಅವಳಿಗೇ ಚುಚ್ಚಿದವು. ಆದರೆ ಅವಳ ಬೀರುವಿಗೆ ಒಂದೂ ಬರಲಿಲ್ಲ. ಅವಳು ಹಾಕಿಕೊಳ್ಳುತ್ತಿದ್ದುದು ಬಸ್ ನಿಲ್ದಾಣದ ಹತ್ತಿರ ರಾಶಿ ಹಾಕಿ ಮಾರುವ ಅಂಗಿ. ಒಂದೆರಡು ಸಲ ಬಾಯಿಬಿಟ್ಟು ಕೇಳಿಯೂ ಇದ್ದಳು. "ನಿಂಗೆ ಯಾವಾಗ ಬೇಕಾದ್ರೂ ಹೊಲಿಬಹುದಲ್ಲ, ಗಿರಾಕಿ ಕಾಯಲ್ಲ" ಎಂದು ಅಕ್ಕ ಆ ಮಾತನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

ಅಕ್ಕನ ಕೆಲಸದ ರೀತಿಯೂ ಬೇರೆಯೇ. ಉಳಿದವರು ಅರ್ಧ ಮೈಯ ಅಳತೆ ತೆಗೆದು, ಬಟ್ಟೆಯನ್ನು ಎರಡಾಗಿ ಮಡಚಿ ಕತ್ತರಿಸುತ್ತಾರೆ. ಅಕ್ಕನಿಗೆ ಅದು ಕೀಳು. "ಮಡಚಿ ಕತ್ತರಿಸೋದು ದರ್ಜಿ ಕೆಲಸ. ನಾನು ಡಿಸೈನರ್" ಎಂದು ಮೂಗೆತ್ತಿ ಹೇಳುತ್ತಿದ್ದಳು. ತಂಗಿಯ ಬೆಳವಣಿಗೆ ನಿಂತ ವರ್ಷ ಅವಳ ಪೂರ್ತಿ ಮೈಗೆ ಬಟ್ಟೆ ಹೊದಿಸಿ, ಎರಡೂ ಪಕ್ಕ ಪಿನ್ನು ಚುಚ್ಚಿ, ಅದೇ ಆಕಾರವನ್ನು ದಪ್ಪ ರಟ್ಟಿಗೆ ಇಳಿಸಿಕೊಂಡಿದ್ದಳು. ಎದೆಗೊಂದು, ಬೆನ್ನಿಗೊಂದು. ಆ ರಟ್ಟುಗಳು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ಯಾರೇ ಬರಲಿ, ಅದನ್ನೇ ಕೊಂಚ ಹಿಗ್ಗಿಸಿ, ಕೊಂಚ ಕುಗ್ಗಿಸಿ ಕತ್ತರಿ ಹಾಕುವಳು. ಟ್ರಯಲ್‌ಗೆ ಬಂದ ಗಿರಾಕಿಯ ಭುಜದಲ್ಲಿ ಬಟ್ಟೆ ಎಳೆದರೆ ಅಲ್ಲೇ ಬಿಚ್ಚಿ ಸರಿಮಾಡುವಳು. ಆಮೇಲೆ ಊಟದ ಹೊತ್ತಿಗೆ ಗೊಣಗುವಳು: "ಈ ಊರಿನ ಹೆಂಗಸರಿಗೆಲ್ಲ ಏನಾಗಿದೆ? ಒಬ್ಬೊಬ್ಬರದ್ದೂ ಎಡಭುಜ ಮೇಲಕ್ಕೆ ಎದ್ದಿರುತ್ತೆ. ಭಾರ ಹೊತ್ತು ಹೊತ್ತು ಹೀಗಾಗಿದಾರೆ." ಅಮ್ಮ ಅಯ್ಯೋ ಪಾಪ ಎನ್ನುವಳು. ತಂಗಿಯೂ ನಂಬಿದ್ದಳು.

ಹೀಗಿರುವಾಗ 'ಕತ್ತರಿ ಕಾಳಗ' ಎಂಬ ಟಿವಿ ಸ್ಪರ್ಧೆಗೆ ಅಕ್ಕ ಆಯ್ಕೆಯಾದಳು. ವಾರಕ್ಕೊಂದು ಉಡುಪು ಹೊಲಿಯಬೇಕು, ವಾರಕ್ಕೊಬ್ಬರು ಮನೆಗೆ. ಗೆದ್ದವರಿಗೆ ದೊಡ್ಡ ಬೀದಿಯಲ್ಲಿ ಸ್ವಂತ ಮಳಿಗೆ. ಅಕ್ಕ ತನಗೆಂದು ಬಾಯಿಬಿಟ್ಟು ಬಯಸಿದ್ದು ತಂಗಿ ಕಂಡಂತೆ ಅದೊಂದನ್ನೇ. "ಅಡುಗೆಮನೆ ವಾಸನೆ ಬರದೇ ಇರೋ ಒಂದು ಟ್ರಯಲ್ ರೂಮು ಸಿಕ್ಕಿದ್ರೆ ಸಾಕು ಕಣೇ" ಎಂದಿದ್ದಳು. ಸೂಟ್‌ಕೇಸಿನಲ್ಲಿ ರಟ್ಟುಗಳನ್ನು ಅಂಗಿಗಳ ನಡುವೆ ಮಲಗಿಸಿ, ಫೋನನ್ನು ಸ್ಪರ್ಧೆಯವರ ಕೈಗೆ ಒಪ್ಪಿಸಿ ಹೋದಳು. ಹೋದ ದಿನ ತಂಗಿ ಸ್ಟೂಲನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಮೊದಲ ಶನಿವಾರ ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದಳು. ಅಕ್ಕ ಹೊಲಿದ ಹಸಿರು ಗೌನು ತೊಟ್ಟು ಮಾಡೆಲ್ ನಡೆದು ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿ ಮಾತ್ರ ತಲೆ ಓರೆ ಮಾಡಿ ನೋಡಿದಳು. ಯಾರದೋ ಮುಖದ ಮೇಲೆ ಕನ್ನಡಕ ಓರೆಯಾಗಿದ್ದರೆ ಅವಳ ಕೈ ತಾನಾಗಿ ಚಡಪಡಿಸುತ್ತದೆ, ಅದು ಅವಳ ಹೊಟ್ಟೆಪಾಡು. ಈ ಗೌನಿನ ಕತ್ತಿನ ಸುತ್ತು ಎಡಕ್ಕೆ ವಾಲಿತ್ತು.

ತೀರ್ಪುಗಾರರಲ್ಲಿ ಒಬ್ಬ ಬೋಳುತಲೆಯವನು. ಮುಖಕ್ಕಿಂತ ದೊಡ್ಡ ಕನ್ನಡಕ. ಅದರಲ್ಲಿ ನಂಬರೇ ಇಲ್ಲ, ಬರೀ ಗಾಜು ಎಂದು ತಂಗಿ ಕೂತಲ್ಲಿಂದಲೇ ಕಂಡುಹಿಡಿದಿದ್ದಳು. ಆತ ಎದ್ದು ನಿಂತು, "ಈ ಓರೆಯಲ್ಲಿ ಒಂದು ಧೈರ್ಯ ಇದೆ. ಇದು ನಿಮ್ಮ ಸಹಿ" ಎಂದ. ಅಕ್ಕನಿಗೆ ಯಾವ ಓರೆ ಎಂದೇ ತಿಳಿಯಲಿಲ್ಲ. ಅದು ಅವಳ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಕೈ ಜೋಡಿಸಿಕೊಂಡು, "ಹೌದು ಸರ್, ಅದು ನನ್ನ ಫಿಲಾಸಫಿ" ಎಂದುಬಿಟ್ಟಳು.

"ಯಾವ ಫಿಲಾಸಫಿ!" ತಂಗಿ ಟಿವಿಗೇ ಕೂಗಿದಳು. "ನಿಂಗೆ ಎಲ್ಲಿತ್ತೇ ಫಿಲಾಸಫಿ?"

"ಸುಮ್ನಿರೇ, ಹೊಗಳ್ತಾ ಇದಾರೆ" ಎಂದು ಅಮ್ಮ ಗದರಿದಳು.

ಮುಂದಿನ ವಾರ ಹಳದಿ ಉಡುಪು, ಅದರ ಮುಂದಿನ ವಾರ ಬಿಳಿಯದು. ಎಲ್ಲವೂ ಎಡಕ್ಕೇ ವಾಲಿದವು. ಬೋಳುತಲೆಯವನು 'ಸಹಿ' ಎಂದು ಪ್ರತಿಸಲವೂ ಹಾಡಿದ. ಅಲ್ಲಿ ಮಾಡೆಲ್ ಬರುವುದು ಕಟ್ಟಕಡೆಯ ಗಳಿಗೆಯಲ್ಲಿ. ಟ್ರಯಲ್‌ನಲ್ಲಿ ಬಿಚ್ಚಿ ಸರಿಮಾಡುವ ಅವಕಾಶವೇ ಇಲ್ಲ. ಒಂದು ಬೆಳಿಗ್ಗೆ ತಂಗಿ ಕೆಲಸಕ್ಕೆ ಹೊರಟು ಚೀಲವನ್ನು ಎಡಭುಜಕ್ಕೆ ಹಾಕಿಕೊಂಡಳು. ಎಂದಿನಂತೆ ಅದು ಜಾರಿ ಮೊಣಕೈಗೆ ಬಂತು. ಎಂದಿನಂತೆ ಬಲಗೈಯಿಂದ ಮೇಲಕ್ಕೆ ಎಳೆದುಕೊಂಡಳು. ಎಳೆದ ಕೈ ಅಲ್ಲೇ ನಿಂತುಬಿಟ್ಟಿತು.

ಚಿಕ್ಕವಳಿದ್ದಾಗ ಅವಳು ಅಟ್ಟದ ಏಣಿಯಿಂದ ಬಿದ್ದಿದ್ದಳು. ಕತ್ತಿನ ಕೆಳಗಿನ ಮೂಳೆ ಮುರಿದು, ಕೂಡಿಕೊಂಡಾಗ ಎಡಭುಜ ಒಂದು ಬೆರಳಿನಷ್ಟು ತಗ್ಗಿತು. ನೋವು ಹೋದ ಮೇಲೆ ಮನೆಯವರೆಲ್ಲ ಮರೆತರು. ಅವಳಿಗೂ ಅದರ ನೆನಪಾಗುತ್ತಿದ್ದುದು ಚೀಲ ಜಾರಿದಾಗ ಮಾತ್ರ. ಊರಿನ ಹೆಂಗಸರ ಎಡಭುಜ ಯಾವುದೂ ಮೇಲೆದ್ದಿರಲಿಲ್ಲ. ಇಷ್ಟು ವರ್ಷ ಅಕ್ಕ ಊರಿಗೆಲ್ಲ ಹೊಲಿದದ್ದು ತಂಗಿಯ ತಗ್ಗು ಭುಜವನ್ನು. ಓರೆಯೇ ಅವಳ ಕಣ್ಣಿಗೆ ನೇರವಾಗಿ ಹೋಗಿತ್ತು.

ಇದು ಹೊಳೆದ ಕೂಡಲೇ ಫೋನು ಮಾಡೋಣವೆಂದರೆ ಅಕ್ಕನ ಫೋನು ಯಾರದೋ ಕಪಾಟಿನಲ್ಲಿ ಬೀಗದೊಳಗೆ ಬಿದ್ದಿತ್ತು. ತಂಗಿಯ ತಲೆ ಚಿಟ್ಟು ಹಿಡಿದುಹೋಯಿತು. ಅಂಗಡಿಯಲ್ಲಿ ಒಬ್ಬ ಗಿರಾಕಿ, "ಈ ಫ್ರೇಮು ಓರೆ ಇದೆ" ಎಂದು ಜಗಳ ತೆಗೆದ. "ಓರೆ ಇರೋದು ನಿಮ್ಮ ಕಿವಿ. ಎಲ್ಲರದ್ದೂ ಹಾಗೇ ಇರುತ್ತೆ. ಫ್ರೇಮನ್ನ ಬಗ್ಗಿಸಿ ಕೊಡೋದಕ್ಕೇ ನಾನಿಲ್ಲಿ ಕೂತಿರೋದು, ಸ್ವಲ್ಪ ಬಾಯಿ ಮುಚ್ಕೊಂಡು ಮುಖ ಕೊಡಿ" ಎಂದುಬಿಟ್ಟಳು. ಮಾಲೀಕ ಒಳಗೆ ಕರೆದು ಬುದ್ಧಿ ಹೇಳಿದ.

ಕೋಟಿನ ವಾರ ಬಂತು. ಮೆತ್ತನೆಯ ಗೌನಿನಲ್ಲಿ ಸಹಿಯಾಗಿ ಕಂಡದ್ದು ದಪ್ಪ ಉಣ್ಣೆಯ ಕೋಟಿನಲ್ಲಿ ಸಹಿಯಾಗಿ ಕಾಣಲಿಲ್ಲ. ಕಂದು ಬಣ್ಣದ ಕೋಟು ಮಾಡೆಲ್‌ನ ಒಂದು ಭುಜದಲ್ಲಿ ಬಿಗಿದು, ಇನ್ನೊಂದರಲ್ಲಿ ಜೋತುಬಿದ್ದಿತ್ತು. "ಹ್ಯಾಂಗರ್ ಮುರಿದುಹೋಗಿತ್ತಾ?" ಎಂದು ಬೋಳುತಲೆಯವನು ನಕ್ಕ. ಅಕ್ಕನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, ಬರುವ ವಾರವೂ ಕೋಟೇ, ಮತ್ತೆ ಹೀಗಾದರೆ ಮನೆಗೆ ಎಂದರು. ಅಕ್ಕ ತುಟಿ ಕಚ್ಚಿಕೊಂಡು ಮಾಡೆಲ್‌ನ ಭುಜವನ್ನೇ ದಿಟ್ಟಿಸುತ್ತಿದ್ದಳು. ತಪ್ಪು ಅಲ್ಲಿಲ್ಲ, ಇಲ್ಲಿ ಸೋಫಾದ ಮೇಲೆ ಕೂತಿದೆ ಎಂದು ತಂಗಿಗೆ ಕೂಗಿ ಹೇಳಬೇಕೆನಿಸಿತು. ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟನ್ನು ಫ್ರಿಜ್ಜಿನ ಬಾಗಿಲಿನ ಮೇಲೆ ತೀರಿಸಿಕೊಂಡಳು.

ಆ ವಾರವೇ ಸ್ಪರ್ಧೆಯವರು ಮನೆಯವರ ಜೊತೆ ಮಾತಾಡಿಸುವ ಕಂತು ಇಟ್ಟುಕೊಂಡರು. ಅಕ್ಕ ತಂಗಿಯನ್ನೇ ಕೇಳಿದ್ದಳಂತೆ. "ಹೆತ್ತವಳು ನಾನು!" ಎಂದು ಅಮ್ಮ ಮುಖ ಊದಿಸಿಕೊಂಡಳು. ಕ್ಯಾಮೆರಾ, ದೀಪ, ತಂತಿ ಎಲ್ಲ ಹೊತ್ತುಕೊಂಡು ಬಂದವರ ಜೊತೆ ಒಬ್ಬ ಮೇಲ್ವಿಚಾರಕಿ. ಬಂದವಳೇ ಸೋಫಾ ಸರಿಸಿದಳು, ಗೋಡೆಯ ಮೇಲಿದ್ದ ಅಮ್ಮನ ಫೋಟೋ ಇಳಿಸಿದಳು, ಆಮೇಲೆ ತಂಗಿಗೆ ಪಾಠ ಹೇಳಿದಳು: "ಮೇಡಂ, ಹೊಲಿಗೆ ವಿಷಯ ಒಂದೂ ಮಾತಾಡಬಾರದು, ನಿಯಮ ಇದೆ. ನೆನಪಾಗ್ತೀಯ ಅನ್ನಿ. ಅಳು ಬಂದ್ರೆ ತಡಕೋಬೇಡಿ."

ಪರದೆಯ ಮೇಲೆ ಅಕ್ಕ ಕಂಡಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಹೇಗಿದೀಯೇ?" ಎಂದಳು. ತಂಗಿ ಆಡಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಒಂದೂ ನೆನಪಿಗೆ ಬರಲಿಲ್ಲ.

"ಅಕ್ಕಾ, ನಿನ್ನ ರಟ್ಟು ಸೊಟ್ಟ ಇದೆ! ನನ್ನ ಎಡಭುಜ ತಗ್ಗು. ಎಲ್ಲರಿಗೂ ನನ್ನ ಭುಜ ಹೊಲಿತಾ ಇದೀಯ!"

"ಕಟ್, ಕಟ್!" ಎಂದು ಮೇಲ್ವಿಚಾರಕಿ ಕಿರುಚಿದಳು. ಸಂಪರ್ಕ ಕಡಿಯುವ ಮೊದಲು ಅಕ್ಕನ ಒಂದು ಮಾತು ಬಂತು.

"ತಗ್ಗಾ? ಯಾವಾಗಿನಿಂದ?"

ಯಾವಾಗಿನಿಂದ! ಇಷ್ಟು ವರ್ಷ ಇದೇ ಭುಜಕ್ಕೆ ಟೇಪು ಹಿಡಿದವಳು, ಇದೇ ಭುಜಕ್ಕೆ ಪಿನ್ನು ಚುಚ್ಚಿದವಳು, ಏಣಿಯಿಂದ ಬಿದ್ದ ದಿನ ಪಕ್ಕದಲ್ಲೇ ನಿಂತಿದ್ದವಳು ಕೇಳುತ್ತಾಳೆ, ಯಾವಾಗಿನಿಂದ ಅಂತ. ಅವಳು ಒಂದು ದಿನವೂ ತನ್ನನ್ನು ನೋಡಿರಲಿಲ್ಲ. ಸ್ಟೂಲಿನ ಮೇಲೆ ನಿಂತದ್ದು ಬಟ್ಟೆ ನೇತುಹಾಕುವ ಗೂಟವೋ ಒಡಹುಟ್ಟಿದವಳೋ, ಅಕ್ಕನಿಗೆ ಎರಡೂ ಒಂದೇ ಆಗಿತ್ತು. ತಂಗಿಗೆ ನಿಜಕ್ಕೂ ಅಳು ಬಂತು. ಮೇಲ್ವಿಚಾರಕಿ, "ಸೂಪರ್ ಮೇಡಂ, ಹಾಗೇ ಇರಿ" ಎಂದು ಕ್ಯಾಮೆರಾ ಹತ್ತಿರ ತರಿಸಿದಳು.

ಶನಿವಾರ ತೋರಿಸಿದ್ದು ಆ ಅಳು ಮಾತ್ರ, ಹಿಂದೆ ಪಿಟೀಲು. "ಅಕ್ಕನಿಗಾಗಿ ಮಿಡಿದ ತಂಗಿ" ಎಂದು ಕೆಳಗೆ ಬರೆದಿದ್ದರು. ಆದರೆ ಮಾತು ಅಕ್ಕನಿಗೆ ಮುಟ್ಟಿತ್ತು. ಅವಳು ರಟ್ಟನ್ನು ಪಕ್ಕಕ್ಕಿಟ್ಟು, ಬಟ್ಟೆ ಮಡಚಿ, ಅಪ್ಪಟ ದರ್ಜಿಯ ಹಾಗೆ ಕತ್ತರಿ ಹಾಕಿದ್ದಳು. ನೀಲಿ ಕೋಟು ಮಾಡೆಲ್‌ನ ಮೈಗೆ ಅಚ್ಚು ಹೊಯ್ದಂತೆ ಕೂತಿತು. ಒಂದು ಸುಕ್ಕಿಲ್ಲ. ತಂಗಿ ಉಸಿರು ಬಿಟ್ಟಳು.

ಬೋಳುತಲೆಯವನು ಕೋಟಿನ ಸುತ್ತ ಒಂದು ಸುತ್ತು ಹಾಕಿದ. "ತುಂಬಾ ನೀಟಾಗಿದೆ. ಆದರೆ ಇಂಥ ಕೋಟು ಯಾರು ಬೇಕಾದರೂ ಹೊಲಿಯುತ್ತಾರೆ. ನಿಮ್ಮ ಸಹಿ ಎಲ್ಲಿ?" ಎಂದ. ಅಷ್ಟೇ. ಅಕ್ಕ ಮನೆಗೆ.

"ನಂಬರಿಲ್ಲದ ಕನ್ನಡಕ ಹಾಕ್ಕೊಂಡು ಕೂತ್ಕೊಂಡವನೇ!" ಎಂದು ತಂಗಿ ಎದ್ದು ನಿಂತು ಬೈದಳು. ಬೈಯುತ್ತಲೇ ಇನ್ನೊಂದು ಮಾತು ಹೊಳೆಯಿತು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಕ್ಕ ಓರೆಯಾಗಿಯೇ ಹೊಲಿದು, ಏನಾದರೂ ಫಿಲಾಸಫಿ ಹೇಳಿ ಉಳಿದುಕೊಳ್ಳುತ್ತಿದ್ದಳೇನೋ. ಮಳಿಗೆ ಸಿಗುತ್ತಿತ್ತೇನೋ. ಅಕ್ಕ ಬಂದು ಜಗಳ ತೆಗೆದರೆ ಕೊಡಬೇಕಾದ ಉತ್ತರಗಳನ್ನು ಅವಳು ಜೋಡಿಸಿಟ್ಟುಕೊಂಡಳು. 'ಯಾವಾಗಿನಿಂದ' ಎಂಬ ನಿನ್ನ ಪ್ರಶ್ನೆಯೇ ತಪ್ಪು ಎಂಬುದು ಅವುಗಳಲ್ಲಿ ಮೊದಲನೆಯದು.

ಅಕ್ಕ ಭಾನುವಾರ ಮಧ್ಯಾಹ್ನ ಬಂದಳು. ಅಮ್ಮ ಅವಳನ್ನು ತಬ್ಬಿಕೊಂಡು, ತನ್ನನ್ನು ಟಿವಿಯಲ್ಲಿ ತೋರಿಸದೇ ಇದ್ದದ್ದಕ್ಕೆ ಒಂದಿಷ್ಟು ದೂರಿ, ಚಹಾಕ್ಕೆ ನೀರಿಡಲು ಹೋದಳು. ಅಕ್ಕ ಕಟಿಂಗ್ ಮೇಜಿನ ಮೇಲೆ ಸೂಟ್‌ಕೇಸ್ ತೆರೆದು, ಮೊದಲು ರಟ್ಟುಗಳನ್ನು ತೆಗೆದು ಅದೇ ಮೊಳೆಗೆ ಹಾಕಿದಳು.

"ಅದನ್ನಿನ್ನೂ ಯಾಕೆ ಇಟ್ಕೊಂಡಿದೀಯ? ಒಲೆಗೆ ಹಾಕು" ಎಂದಳು ತಂಗಿ.

"ಬೇರೆಯವರಿಗೆ ಬೇರೆ ಮಾಡ್ಕೋತೀನಿ. ಇದು ನಿನ್ನದು ಕಣೇ" ಎಂದು ಅಕ್ಕ ಅವಳತ್ತ ತಿರುಗಿದಳು. "ಬಾ, ನಿಂತ್ಕೋ."

ತಂಗಿಗೆ ಮೈಯೆಲ್ಲ ಉರಿದುಹೋಯಿತು. "ನಿಂತ್ಕೊಳ್ಳಲ್ಲ! ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಆಗಲೇ ನಿಂತ್ಕೋ! ಸ್ಟೂಲು ಅಟ್ಟಕ್ಕೆ ಹಾಕಿದೀನಿ, ಇನ್ನು ಇಳಿಸಲ್ಲ!"

"ನೆಲದ ಮೇಲೇ ನಿಂತ್ಕೋ ಮಾರಾಯ್ತಿ. ಪಿನ್ನಿಲ್ಲ, ನೋಡು" ಎಂದು ಅಕ್ಕ ಬರಿಗೈ ತೋರಿಸಿದಳು. ಆ ಕೈಯಲ್ಲಿ ಪಿನ್ನಿಲ್ಲದ್ದನ್ನು ತಂಗಿ ಯಾವತ್ತೂ ಕಂಡಿರಲಿಲ್ಲ. ತಬ್ಬಿಬ್ಬಾಗಿ ನಿಂತಳು.

ಅಕ್ಕ ಸೂಟ್‌ಕೇಸಿನ ತಳದಿಂದ ಆ ಕಂದು ಕೋಟನ್ನು ತೆಗೆದು ತೊಡಿಸಿದಳು. ಹ್ಯಾಂಗರ್ ಮುರಿದುಹೋಗಿತ್ತಾ ಎಂದು ನಗೆಗೀಡಾದ ಕೋಟು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಜೋಲಲಿಲ್ಲ. ಕನ್ನಡಿಯಲ್ಲಿ ಕತ್ತಿನ ಪಟ್ಟಿ ನೇರವಾಗಿ ನಿಂತಿತ್ತು. ಎಡಭುಜದ ಮೇಲೆ ಮಾತ್ರ ಟಿವಿಯಲ್ಲಿ ಕಾಣದಿದ್ದ ಒಂದು ಚಿಕ್ಕ ಪಟ್ಟಿ, ಅದಕ್ಕೊಂದು ಗುಂಡಿ. ಸೋತ ಮೇಲೆ ಹೋಟೆಲಿನ ಕೋಣೆಯಲ್ಲಿ ಕೂತು ಕೈಯಲ್ಲೇ ಹೊಲಿದದ್ದಂತೆ.

"ಇದೇನು?"

"ಚೀಲಕ್ಕೆ. ದಿನಾ ಬಾಗಿಲಲ್ಲಿ ಎಳ್ಕೊಂಡು ಎಳ್ಕೊಂಡು ಹೋಗ್ತೀಯಲ್ಲ, ನೋಡಿದೀನಿ." ಅಕ್ಕ ಸ್ವಲ್ಪ ತಡೆದು ತಿದ್ದಿಕೊಂಡಳು. "ನೋಡಿರಲಿಲ್ಲ. ನೀನು ಹೇಳಿದ ಮೇಲೆ ಕಣ್ಣಿಗೆ ಕಟ್ತು."

ಜೋಡಿಸಿಟ್ಟುಕೊಂಡಿದ್ದ ಉತ್ತರಗಳನ್ನೆಲ್ಲ ತಂಗಿ ಅಲ್ಲೇ ಬಿಟ್ಟಳು. "ಈ ಸೆಕೆಗೆ ಉಣ್ಣೆ ಕೋಟು ಹಾಕ್ಕೊಂಡು ಸಾಯ್ಲಾ ನಾನು?" ಎಂದು ಬಾಯಿಗೆ ಬಂದದ್ದನ್ನು ಅಂದಳು. ಅಂದು, ಕೋಟು ಬಿಚ್ಚದೆಯೇ ಹೋಗಿ ಅಮ್ಮನಿಗೆ ತೋರಿಸಿದಳು.

ಸೋಮವಾರ ಬೆಳಿಗ್ಗೆ ಅದನ್ನೇ ತೊಟ್ಟು ಕೆಲಸಕ್ಕೆ ಹೊರಟಳು. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿದ್ದವಳು, ಜ್ವರವಾ ಎಂದು ಕೇಳಿದಳು. ಬೆನ್ನೆಲ್ಲ ಬೆವೆತು, ಅಕ್ಕನನ್ನು ಮನಸಾರೆ ಬೈದುಕೊಳ್ಳುತ್ತಲೇ ಅಂಗಡಿಯವರೆಗೂ ನಡೆದಳು. ದಾರಿಯುದ್ದಕ್ಕೂ ಬಲಗೈ ಹಳೆಯ ರೂಢಿಯಂತೆ ಎಡಭುಜದತ್ತ ಹೋಗುತ್ತಿತ್ತು, ಚೀಲ ಇದ್ದಲ್ಲೇ ಇತ್ತು.