ಕಣ್ಣಷ್ಟೇ ಕಾಣುವ ಬಟ್ಟೆ

ನನ್ನ ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಐಸ್‌ಕ್ರೀಂ ಕಾರ್ಖಾನೆಯ ಬಾಗಿಲಲ್ಲಿ ನಿಂತೇ ತಲೆಗೂದಲು ಹಣ್ಣು ಮಾಡಿಕೊಂಡವಳು. ಒಳಗೆ ಹೋಗುವ ಪ್ರತಿಯೊಬ್ಬರ ಬಟ್ಟೆ ನೋಡುವುದು ಅವಳ ಕೆಲಸ. ಮೊಣಕಾಲು ದಾಟುವ ಬಿಳಿ ಕೋಟು, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಕಾಲಿಗೆ ರಬ್ಬರ್ ಬೂಟು. ಕಣ್ಣಷ್ಟೇ ಕಾಣಬೇಕು. ಕೋಟಿನ ಒಂದು ಬಟನ್ ಬಿಟ್ಟಿದ್ದರೂ ಅಲ್ಲೇ ನಿಲ್ಲಿಸಿ ಹಾಕಿಸುತ್ತಿದ್ದಳು. ಮ್ಯಾನೇಜರ್‌ನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಅವಳು ಬಟನ್ ಅತ್ತೆ.

ಈ ವೇಷವೆಲ್ಲ ಐಸ್‌ಕ್ರೀಮಿನ ಮಾನ ಕಾಯಲಿಕ್ಕೆ, ಅದರೊಳಗೆ ಕೂದಲು ಬೀಳದಿರಲಿ ಎಂದು. ಅತ್ತೆ ಮಾತ್ರ ಅದು ನಮ್ಮ ಮಾನ ಕಾಯಲಿಕ್ಕೆಂದೇ ನಂಬಿದ್ದಳು. ಒಳಗೆ ಗಂಡು ಯಾರು, ಹೆಣ್ಣು ಯಾರು ತಿಳಿಯುತ್ತಿರಲಿಲ್ಲ. ಪ್ಯಾಕಿಂಗ್ ಮಾಡುವ ಒಬ್ಬ ತನ್ನ ಹೆಂಡತಿ ಅಂದುಕೊಂಡು ಮ್ಯಾನೇಜರಿಗೇ "ಬರ್ತಾ ಈರುಳ್ಳಿ ತಗೊಂಡು ಬಾ" ಅಂದಿದ್ದ. "ನೋಡು, ಇಲ್ಲಿ ಯಾರ ಕಣ್ಣೂ ಯಾರ ಮೇಲೂ ಬೀಳಲ್ಲ" ಎಂದು ಅತ್ತೆ ಬೀಗುತ್ತಿದ್ದಳು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿ, ಅಲ್ಲೇ ಕೆಲಸಕ್ಕೆ ಸೇರಿಸಿದ್ದೂ ಅದೇ ಧೈರ್ಯದ ಮೇಲೆ.

ಊಟದ ಹೊತ್ತಿಗೆ ಟಿವಿಯಲ್ಲಿ ಯಾವುದೋ ಹುಡುಗಿಯ ಮೇಲೆ ಯಾವನೋ ಕೈ ಹಾಕಿದ ಸುದ್ದಿ ಬಂದರೆ ಅವಳ ಮೊದಲ ಪ್ರಶ್ನೆ, "ಏನು ಹಾಕ್ಕೊಂಡಿದ್ದಳಂತೆ?"

"ಕಳ್ಳತನ ಆದ್ರೆ ಪೊಲೀಸರು ಕಳ್ಳನನ್ನ ಹಿಡೀತಾರೋ, ಮನೆಯವರನ್ನೋ?" ಎಂದು ನಾನು ಶುರು ಮಾಡುತ್ತಿದ್ದೆ.

"ಕಳ್ಳನನ್ನೇ. ಆದ್ರೂ ಬಾಗಿಲು ತೆಗೆದಿಟ್ಟು ಮಲಗಿದವನನ್ನ ಪೆದ್ದ ಅಂತೀವೋ ಇಲ್ವೋ?"

"ನನ್ನ ಮೈ ಏನು ಮನೆನಾ ಅತ್ತೆ, ಯಾವಾಗಲೂ ಬೀಗ ಹಾಕ್ಕೊಂಡು ಓಡಾಡೋಕೆ?"

"ಮುಳ್ಳು ಬಂದು ಬಟ್ಟೆ ಮೇಲೆ ಬಿದ್ರೂ, ಬಟ್ಟೆ ಹೋಗಿ ಮುಳ್ಳಿನ ಮೇಲೆ ಬಿದ್ರೂ ಹರಿಯೋದು ಬಟ್ಟೆನೇ ಕಣೇ. ಸುಮ್ಮನೆ ಉಣ್ಣು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆ ಗಾದೆ ಕಟ್ಟಿದವರು ಮುಳ್ಳಿನ ಕಡೆಯ ನೆಂಟರೇ ಇರಬೇಕೆಂದು ನನಗೆ ಇವತ್ತಿಗೂ ಅನುಮಾನ.

ಕಪ್ ತುಂಬುವ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹುಡುಗಿ ಒಂದು ಬೆಳಿಗ್ಗೆ ಟ್ರೇ ತರಲು ಕೋಲ್ಡ್ ರೂಮಿಗೆ ಹೋದಳು. ಅಲ್ಲಿನ ಉಸ್ತುವಾರಿಯವನು ಬಾಗಿಲೆಳೆದುಕೊಂಡು, ಅವಳನ್ನು ಗೋಡೆಗೆ ಒತ್ತಿ ಹಿಡಿದು ಮೈಮೇಲೆ ಕೈ ಹಾಕಿದ. ಒದ್ದು ತಪ್ಪಿಸಿಕೊಂಡವಳು ಓಡಿ ಬಂದು ಅತ್ತೆಯ ತೋಳಿಗೆ ಬಿದ್ದಳು. ಕೋಟಿನ ಬಟನ್‌ಗಳು ಬಟ್ಟೆ ಸಮೇತ ಕಿತ್ತುಬಂದಿದ್ದವು. ಸ್ವಲ್ಪ ಹೊತ್ತಿನ ಮುಂಚೆ ಅವನ್ನೆಲ್ಲ ಮುಟ್ಟಿ ನೋಡಿ ಒಳಗೆ ಬಿಟ್ಟಿದ್ದವಳು ಅತ್ತೆಯೇ. ಆ ಹುಡುಗಿಗೆ ಇದ್ದ ಸಾಕ್ಷಿಯೆಂದರೆ ಅವಳೊಬ್ಬಳೇ.

ವಿಚಾರಣೆ ಮ್ಯಾನೇಜರ್ ಕೋಣೆಯಲ್ಲಿ, ಆಫೀಸಿನ ದೊಡ್ಡವರೆಲ್ಲರ ಮುಂದೆ ನಡೆಯಿತು. ಹುಡುಗಿಗೆ ಜೊತೆಯಾಗಿ ನಾನು ನಿಂತಿದ್ದೆ. ಉಸ್ತುವಾರಿಯವನು ಕೂತಿದ್ದ. ಅವನಿಗೆ ಕುರ್ಚಿ ಕೊಟ್ಟವರು ಯಾರೋ, ಬೇಡ ಅಂದವರಂತೂ ಯಾರೂ ಇರಲಿಲ್ಲ.

"ಬೂಟು ಜಾರಿ ಬಿದ್ದಳು ಸಾರ್, ಎತ್ತೋಕೆ ಹೋದೆ. ಒಳ್ಳೇತನಕ್ಕೆ ಕಾಲ ಇಲ್ಲ," ಎಂದ ಪುಣ್ಯಾತ್ಮ.

ಮ್ಯಾನೇಜರ್ ಅತ್ತೆಯ ಕಡೆ ತಿರುಗಿದರು. "ನೀವು ಹೇಳಿ. ಇವಳು ಒಳಗೆ ಹೋಗುವಾಗ ಬಟ್ಟೆ ಸರಿ ಇತ್ತಾ?"

"ಸರಿ ಇತ್ತು ಸಾರ್. ಎಲ್ಲಾ ಬಟನ್ ಹಾಕಿತ್ತು. ನಾನೇ ನೋಡಿದೀನಿ."

ಗೆದ್ದೆವು ಅಂದುಕೊಂಡೆ. ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಗಳಿಗೆಯಲ್ಲಿ.

ಮ್ಯಾನೇಜರ್ ಮುಖ ಸಪ್ಪಗಾಯಿತು. "ಬೇರೆ ಏನೂ ಇರಲಿಲ್ವಾ? ನಿಧಾನವಾಗಿ ನೆನಪು ಮಾಡ್ಕೊಂಡು ಹೇಳಿ."

ಅತ್ತೆ ಹುಡುಗಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಕಣ್ಣಿಗೆ ಕಾಡಿಗೆ ಹಚ್ಚಿದ್ದಳು," ಅಂದಳು.

ಕೋಣೆಯಲ್ಲಿದ್ದವರಿಗೆಲ್ಲ ಹೋದ ಜೀವ ಬಂದ ಹಾಗಾಯಿತು. "ಹಾಗೆ ಹೇಳಿ ಮತ್ತೆ. ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ?" ಎಂದರು ಲೆಕ್ಕದ ಸಾಹೇಬರು. ಆ ಕೋಲ್ಡ್ ರೂಮಿನಲ್ಲಿ ರೆಪ್ಪೆಯ ಮೇಲೆ ಮಂಜು ಕಟ್ಟುತ್ತದೆ, ಎದುರಿಗಿದ್ದವರೇ ಸರಿಯಾಗಿ ಕಾಣುವುದಿಲ್ಲ. ಅಂಥಲ್ಲಿ ಒಂದೆಳೆ ಕಾಡಿಗೆ ಒಬ್ಬ ಗಂಡಸಿನ ಬುದ್ಧಿ ಕೆಡಿಸಿತು ಎಂದು ಓದಿದವರು, ಮಕ್ಕಳಿರುವವರು ಒಪ್ಪಿಕೊಂಡರು. ಉಸ್ತುವಾರಿಯವನಿಗೆ ಬುದ್ಧಿಮಾತು ಹೇಳಿದರು. ಹುಡುಗಿಗೆ ನಾಳೆಯಿಂದ ಬರಬೇಡ ಅಂದರು. ಇನ್ನು ಮುಂದೆ ಯಾರೂ ಕಾಡಿಗೆ ಹಚ್ಚುವಂತಿಲ್ಲ, ಹಚ್ಚಿ ಬಂದರೆ ಬಟನ್ ಅತ್ತೆ ಒದ್ದೆ ಹತ್ತಿಯಲ್ಲಿ ಒರೆಸಿ ಒಳಗೆ ಬಿಡತಕ್ಕದ್ದು ಎಂದು ಹೊಸ ನಿಯಮವಾಯಿತು. ಹುಡುಗಿ ಹೋಗುವಾಗ ಅತ್ತೆಯನ್ನು ಬೈಯಲಿಲ್ಲ, ಶಾಪ ಹಾಕಲಿಲ್ಲ. ಹರಿದ ಕೋಟು ಬಿಚ್ಚಿ ಅವಳ ಕೈಗೆ ಕೊಟ್ಟು ಹೋದಳು.

ಮನೆಗೆ ಬಂದು ನಾನು ತಟ್ಟೆಗೆ ಕೈ ಹಾಕಲಿಲ್ಲ. ಇಷ್ಟು ದಿನ ಅನ್ನ ಹಾಕಿದವಳ ಮುಖ ನೋಡಲು ಹೇಸಿಗೆಯಾಗುತ್ತಿತ್ತು.

"ಬಟ್ಟೆ ಸರಿ ಇತ್ತು ಅಂದ್ಯಲ್ಲ. ಅಲ್ಲಿಗೇ ನಿಲ್ಲಿಸೋಕೆ ಏನಾಗಿತ್ತು ನಿಂಗೆ?"

"ಬಟ್ಟೆ ಸರಿ ಇದ್ದ ಮೇಲೆ ಇನ್ನೇನೋ ಇರಲೇಬೇಕಲ್ಲೇ."

"ಯಾಕೆ ಇರಬೇಕು?"

ಅತ್ತೆ ಕಲಸಿದ ಅನ್ನವನ್ನೇ ಮತ್ತೆ ಕಲಸಿದಳು. "ಏನೂ ಇಲ್ಲದೇನೇ ಹಿಂಗಾಗುತ್ತೆ ಅನ್ನೋದಾದ್ರೆ, ನಾಳೆ ನಾನು ಏನು ನೋಡಿ ನಿನ್ನನ್ನ ಒಳಗೆ ಕಳಿಸಲಿ?"

ಅವಳಿಗೆ ಭಯ. ಅಷ್ಟೇ. ಆ ಭಯಕ್ಕೆ ಒಬ್ಬಳ ಬದುಕನ್ನು ಬಲಿ ಕೊಟ್ಟಳು. ಅರ್ಥವಾಯಿತು, ಆದರೆ ಅರ್ಥವಾದದ್ದನ್ನೆಲ್ಲ ಕ್ಷಮಿಸಬೇಕು ಅಂತೇನಿಲ್ಲ.

ಮಾರನೆಯ ದಿನ ಆ ಹುಡುಗಿಯ ಕೆಲಸ ನನ್ನ ಪಾಲಿಗೆ ಬಂತು, ಕೋಲ್ಡ್ ರೂಮಿನಿಂದ ಟ್ರೇ ತರುವುದು. ಉಸ್ತುವಾರಿಯವನು ಆಗಲೇ ಒಳಗೆ ಹೋಗಿದ್ದ. ಅತ್ತೆ ನನ್ನ ಟೋಪಿ ನೋಡಿದಳು, ಮಾಸ್ಕು ನೋಡಿದಳು, ಬಟನ್‌ಗಳನ್ನು ಮೇಲಿಂದ ಕೆಳಗೆ ಮುಟ್ಟಿದಳು, ಮತ್ತೆ ಕೆಳಗಿಂದ ಮೇಲೆ ಮುಟ್ಟಿದಳು. ಒದ್ದೆ ಹತ್ತಿ ಹಿಡಿದು ನನ್ನ ಕಣ್ಣಲ್ಲಿ ಕಾಡಿಗೆ ಹುಡುಕಿದಳು. ಒರೆಸಲು ಏನೂ ಇರಲಿಲ್ಲ. ಹಿಂದೆ ನಿಂತವರು ಹೊತ್ತಾಯಿತು ಎಂದು ಗೊಣಗಿದರು. ಅತ್ತೆಯ ಕೈ ನನ್ನ ತೋಳು ಬಿಡಲಿಲ್ಲ.

"ಎಲ್ಲಾ ಸರಿ ಇದೆಯಾ?" ಎಂದು ಕೇಳಿದೆ.

"ಸರಿ ಇದೆ," ಅಂದಳು. "ಹುಷಾರು ಕಣೇ."

"ಹೇಗಿದ್ರೆ ಹುಷಾರು, ಅತ್ತೆ?"

ಅವಳು ಇನ್ನೊಂದು ಕೈಯಿಂದ ನನ್ನ ಕೊರಳ ಬಳಿಯ ಬಟನ್ ಮತ್ತೊಮ್ಮೆ ಮುಟ್ಟಿದಳು. ನಾನೇ ಅವಳ ಬೆರಳು ಬಿಡಿಸಿಕೊಂಡು ಒಳಗೆ ಹೋದೆ.